ದವಡೆ ಹಲ್ಲಿನ ಕ್ಲಿಪ್ಪು

ಊಟಿಯ ದಂತವೈದ್ಯ ಮಹಾಲಿಂಗಂ ಅವರಿಗೆ ಲೋಕದಲ್ಲಿ ಒಂದೇ ಶತ್ರು, ಬಾಯಿಯ ಜೊಲ್ಲು. ವಕ್ರ ಹಲ್ಲನ್ನು ಎಳೆಯುವ ತಂತಿಗೆ ದವಡೆ ಹಲ್ಲಿನ ಮೇಲೆ ಕ್ಲಿಪ್ಪು ಅಂಟಿಸುವಾಗ, ಒದ್ದೆ ತಾಗಿದರೆ ಅಂಟು ಹಿಡಿಯದೆಂದು, ಹತ್ತಿ ತುರುಕಿ, ಗಾಳಿ ಊದಿ, ತಾವೂ ಉಸಿರು ಬಿಗಿಹಿಡಿಯುತ್ತಾರೆ. ಹೊಸ ಹೊಸ ಅಂಟು ತರಿಸುತ್ತಾರೆ, ಮಂಜನ್ನು ಶಪಿಸುತ್ತಾರೆ, “ಆ ಕಡೆ ಅಗೀಬೇಡಿ” ಎಂದು ಬೇಡಿಕೊಳ್ಳುತ್ತಾರೆ. “ಅಗೀದೆ ನುಂಗೋಕೆ ನಾವೇನು ಹಾವಾ ಡಾಕ್ಟ್ರೇ?” ಎನ್ನುತ್ತಾರೆ, ಕ್ಲಿಪ್ಪು ಕಳಚಿಕೊಂಡು ಬಂದವರು. ಕಳಚದೆ ಉಳಿದದ್ದು ಮಸಿನಗುಡಿಯ ಸೆಲ್ವಿಯದೊಂದೇ. ದೃಷ್ಟಿಯಾದೀತೆಂದು ಅದನ್ನವರು ಮುಟ್ಟುತ್ತಲೂ ಇರಲಿಲ್ಲ. ವರ್ಷವಾದರೂ ಹಲ್ಲು ಕದಲಲಿಲ್ಲವಲ್ಲ ಎಂದು ಮೊನ್ನೆ ಮುಟ್ಟಿದರೆ ಕ್ಲಿಪ್ಪು ಬೆರಳಿಗೇ ಬಂತು, ಹಿಂದೆ ಜೇನುಮೇಣ. “ಮೊದಲ ವಾರವೇ ಬಿತ್ತು ಸಾರ್. ನೀವು ನೊಂದ್ಕೋತೀರಂತ ನಾನೇ ಅಂಟಿಸ್ಕೊಂಡು ಬರ್ತಿದ್ದೆ,” ಎಂದಳು ಸೆಲ್ವಿ. ಗದರಿಸುವ ಬದಲು ಅವರು ಹೊಸ ಹತ್ತಿ ಕೈಗೆತ್ತಿಕೊಂಡರು. ಇಡೀ ಬೆಟ್ಟದಲ್ಲಿ ಅವರಿಗಾಗಿ ಮರುಗಿದವಳು ಅವಳೊಬ್ಬಳೇ.