ನಂಜಾಚಾರ್ರು ಇಟ್ಟ ಮೆಟ್ಟಿಲು

ಆಗ ನನಗೆ ಅರವತ್ತೇಳು ವರ್ಷ. ಈಗ್ಗೆ ಎರಡು ವರ್ಷದ ಮಾತು. ನಮ್ಮೂರ ಮಂಜುಳಾ ಕರೆಂಟಿನ ಗಾಡಿ ಕೊಂಡು ತಂದು ತಮ್ಮ ಮನೆ ಮುಂದೆ ನಿಲ್ಲಿಸಿದ ದಿನ, ಅವಳಪ್ಪ ನಂಜಾಚಾರ್ರು ಅದರ ಅಡಿಗೆ ತೂರಿಕೊಂಡವರು ಊಟಕ್ಕೆ ಕರೆದರೂ ಈಚೆಗೆ ಬರಲಿಲ್ಲ. ನನಗೆ ಕಂಡದ್ದು ಎರಡು ಬಿರಿದ ಹಿಮ್ಮಡಿ, ಅಷ್ಟೇ. ಅಡಿಯಿಂದ ಟಕ್ ಟಕ್ ಎಂದು ಬೆರಳ ಗೆಣ್ಣಿನಲ್ಲಿ ಬಡಿಯುವ ಸದ್ದು ಬರುತ್ತಿತ್ತು. ಏನು ಕಂಡರೂ ಗೆಣ್ಣಿನಲ್ಲಿ ಬಡಿದು ನೋಡುವುದು ಅವರ ಚಾಳಿ. ಮರದ ದಿಮ್ಮಿಯಾಗಲಿ, ಬೀಗರು ತಂದ ಕುಂಬಳಕಾಯಿಯಾಗಲಿ, ಒಂದು ಏಟು ಬೀಳಲೇಬೇಕು.

ಶೆಟ್ಟಿಕೆರೆ ಸುತ್ತ ಎತ್ತಿನ ಗಾಡಿ ಮಾಡಿಕೊಟ್ಟ ಕೈ ಅದು. ಗಾಡಿಗಳು ಹೋದವು, ಕೈ ಉಳಿಯಿತು. ಕೊನೆಕೊನೆಗೆ ನಮ್ಮ ಮಚ್ಚುಗಳಿಗೆ ಹಿಡಿ ಹಾಕಿಕೊಡುವುದೇ ಅವರ ಕೆಲಸವಾಗಿತ್ತು. ನಾವು ಅಂದರೆ ಕೊಬ್ಬರಿ ಒಡೆಯುವ ಹೆಂಗಸರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪು ಬಿಡಿಸಿ, ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯಬೇಕು. ಇವತ್ತು ಒಬ್ಬರ ತೋಟದ ಮನೆ, ನಾಳೆ ಇನ್ನೊಬ್ಬರದು. ಆ ಗುಂಪಿಗೆ ನಾನೇ ಮುಂದಾಳು.

ಆಚಾರ್ರು ಈಚೆಗೆ ಬಂದಾಗ ತಲೆಯೆಲ್ಲ ಮಣ್ಣು.

"ಒಳ್ಳೇ ಗಾಡಿ ಕಣಮ್ಮ ಗೌರಮ್ಮ. ಏನೂ ಇಲ್ಲ ಇದ್ರಲ್ಲಿ."

"ಏನೂ ಇಲ್ದಿದ್ರೆ ಒಳ್ಳೇದು ಹೆಂಗಾಯ್ತು?"

"ಎಲ್ಲಾ ಅವ್ರೇ ಮುಗಿಸಿ ಕೊಟ್ರೆ ನನ್ನ ಕೈಗೆ ಏನು ಉಳೀತದೆ?"

ನಿಜಕ್ಕೂ ಬೋಳು ಗಾಡಿ. ಮುಂದೆ ಇಬ್ಬರು ಕೂರುವಷ್ಟು ಗೂಡು, ಹಿಂದೆ ಸಾಮಾನು ಹೇರಲು ಬರೀ ತಟ್ಟು. ಹಾಡಿಲ್ಲ, ತಣ್ಣನೆ ಗಾಳಿ ಇಲ್ಲ, ಕಿಟಕಿ ಗಾಜನ್ನು ಕೈಯಲ್ಲೇ ತಿರುವಬೇಕು. ದೊಡ್ಡ ಡೀಸೆಲ್ ಗಾಡಿ ಮಂಜುಳಾ ಕೈಗೆ ಎಟುಕುತ್ತಿರಲಿಲ್ಲ, ಇದು ಎಟುಕಿತು. ಕೆಲಸ ಮುಗಿದರೆ ಮೊಬೈಲಿನ ಹಾಗೆ ಪ್ಲಗ್ಗಿಗೆ ಹಾಕುವಳು. ಓಡುವಾಗ ಸದ್ದಿಲ್ಲ. ಒಣಗಾಯಿ ತುಂಬಿಕೊಂಡು ಬಂದರೆ ಚಿಪ್ಪಿನೊಳಗೆ ಕೊಬ್ಬರಿ ಲೊಡಲೊಡ ಅನ್ನುವುದು ಮಾತ್ರ ಕೇಳುತ್ತಿತ್ತು. ಮಂಜುಳಾ ಬಂದಳು ಅಂತ ಅದರಿಂದಲೇ ತಿಳಿಯುತ್ತಿದ್ದೆವು.

ಆ ಬೋಳು ತಟ್ಟಿನ ಮೇಲೆ ಆಚಾರ್ರು ಮತ್ತೆ ಬದುಕಿದರು. ಕಾಯಿಗೆ ಎತ್ತರದ ಗೂಟ, ಬಿದಿರಿನ ತಡಿಕೆ. ಹಾಲಿನ ಕ್ಯಾನಿಗೆ ಅಡ್ಡಪಟ್ಟಿ. ಬೀಗರೂಟಕ್ಕೆ ಹೋಗುವಾಗ ತೆಂಗಿನ ಸೋಗೆಯ ಮಾಡು. ಒಂದಕ್ಕೂ ಮೊಳೆ ಹೊಡೆಯಲಿಲ್ಲ, ಎಲ್ಲ ಕಿತ್ತಿಡುವಂಥದ್ದು. "ಮೊಳೆ ಹೊಡೆದ್ರೆ ಗಾಡಿ ಒಂದೇ ಕೆಲ್ಸಕ್ಕೆ ಸತ್ತೋಯ್ತದೆ" ಅನ್ನುವರು. ಬಿಳಿಗೆರೆಯಲ್ಲಿ ಯಾರೋ ಇದು ಯಾವ ಕಂಪನಿ ಬಾಡಿ ಅಂತ ಕೇಳಿದರಂತೆ. "ನಂಜಾಚಾರಿ ಕಂಪನಿ" ಅಂದು, ನಗದೆ ಎಲೆಯಡಿಕೆ ಹಾಕಿಕೊಂಡರಂತೆ.

ಅಷ್ಟರಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಕೂತು ಕೊಬ್ಬರಿ ಒಡೆಯಲು ಕೈ ಇದ್ದರೆ ಸಾಕು. ಹೋಗಿ ಕೂರುವುದಕ್ಕೆ ಕಾಲು ಬೇಕು. ಟ್ರ್ಯಾಕ್ಟರ್ ಹತ್ತಲಾರೆ, ನಡೆಯಲಾರೆ. ಗುಂಪಿನ ಲಕ್ಕಮ್ಮ ಆಗಲೇ, "ಗೌರಕ್ಕ, ಇನ್ನು ಮನೇಲಿ ಮೊಮ್ಮಕ್ಕಳ ಆಡಿಸ್ಕೊಂಡಿರು" ಅನ್ನತೊಡಗಿದ್ದಳು. ಮನೆಯಲ್ಲಿ ಕೂತರೆ ನಾನು ಸೊಸೆ ಹಾಕಿದ್ದನ್ನು ತಿನ್ನುವವಳು. ಅದು ನನಗೆ ಬೇಡವಾಗಿತ್ತು.

ಯಾರು ಹೇಳಿದರೋ, ಒಂದು ಮಧ್ಯಾಹ್ನ ಆಚಾರ್ರು ಕೋಲು ಹಿಡಿದು ಬಂದರು.

"ಕಾಲೆತ್ತಮ್ಮ."

"ಯಾಕೆ, ಲಾಳ ಹೊಡೀತೀರಾ?"

"ಎತ್ತು. ನೋವು ಎಲ್ಲಿ ಶುರುವಾಯ್ತದೋ ಅಲ್ಲಿ ನಿಲ್ಸು."

ನಿಲ್ಲಿಸಿದೆ. ಅದಕ್ಕಿಂತ ಒಂದು ಬೆರಳು ಕೆಳಗೆ, ಕೋಲಿನ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದುಕೊಂಡು ಹೋದರು. ಸಂಜೆಯೊಳಗೆ ಗಾಡಿಯ ಹಿಂದೆ ಮೆಟ್ಟಿಲು ಸಿದ್ಧ. ಹಳೇ ಎತ್ತಿನ ಗಾಡಿಯ ನೊಗ ಕಟ್ಟುವ ಮೂಕಿಮರದ್ದು, ನುಣ್ಣಗೆ ಉಜ್ಜಿದ್ದು, ಬೇಡವಾದಾಗ ಮಡಚಿ ಕೊಂಡಿ ಹಾಕುವಂಥದ್ದು.

ಮಾರನೇ ದಿನ ಗುಂಪೆಲ್ಲ ಆ ಗಾಡಿಯಲ್ಲೇ ತೋಟಕ್ಕೆ ಹೊರಟೆವು. ಎಲ್ಲರಿಗಿಂತ ಮೊದಲು ನಾನು ಹತ್ತಲು ಹೋದೆ. ಆಗಲಿಲ್ಲ. ಹೆಂಗಸರು ಮೂಟೆಯ ಹಾಗೆ ನನ್ನನ್ನು ಕೆಳಗಿನಿಂದ ಎತ್ತಿ ಮೇಲೆ ಹಾಕಿದರು.

"ಆಚಾರ್ರೇ, ಯಾರ ಕಾಲಿಗೆ ಅಳತೆ ತಗಂಡ್ರಿ? ಒಂಟೆ ಕಾಲಿಗಾ?" ಅಂದೆ.

ಅವರು ಕೋಲು ತಂದು ಹಿಡಿದು ನೋಡಿದರು. ಗೆರೆಗಿಂತ ನಾಲ್ಕು ಬೆರಳು ಮೇಲೆ. ಮುಖ ಸಣ್ಣಗಾಯಿತು. "ನೆನ್ನೆ ಸರಿಯಾಗಿತ್ತು ಕಣಮ್ಮ, ನಾನೇ ಹಿಡ್ದು ನೋಡಿವ್ನಿ."

ಮಂಜುಳಾ ನಕ್ಕಳು. "ಅಪ್ಪಾ, ನೆನ್ನೆ ಗಾಡಿ ತುಂಬ ಕಾಯಿತ್ತು. ಇವತ್ತು ಬರಿದು. ಅಡೀಲಿ ಸ್ಪ್ರಿಂಗ್ ಅವೆ. ಭಾರ ಇಳಿದ್ರೆ ಮೇಲಕ್ಕೆ ಏಳ್ತದೆ."

ಎತ್ತಿನ ಗಾಡಿ ತುಂಬಿದ್ದರೂ ಅಷ್ಟೇ, ಬರಿದಾಗಿದ್ದರೂ ಅಷ್ಟೇ. ಜನ್ಮವಿಡೀ ಅಂಥದ್ದನ್ನೇ ಮಾಡಿದವರಿಗೆ ಇದು ಹೊಳೆಯಬೇಕಾದರೂ ಹೇಗೆ? ತಟ್ಟನ್ನು ಅಂಗೈಯಲ್ಲಿ ಅದುಮಿದರು, ಬಿಟ್ಟರು, ಮತ್ತೆ ಅದುಮಿದರು. "ಹಸಿದ್ರೆ ಎದ್ದು ನಿಲ್ತದೆ, ಹೊಟ್ಟೆ ತುಂಬಿದ್ರೆ ಕೂರ್ತದೆ. ಎತ್ತಿಗಿಂತ ವಾಸಿ. ಭಾನುವಾರ ತಗ್ಗಿಸ್ತೀನಿ ಬುಡು" ಅಂದರು.

ಭಾನುವಾರ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಶನಿವಾರ ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದವರು ಹಾಗೇ ಗೋಡೆಗೆ ಒರಗಿದರು. ಮಂಜುಳಾ ಕಾಫಿ ತರುವಷ್ಟರಲ್ಲಿ ಆಗಿಹೋಗಿತ್ತು. ಒಳ್ಳೇ ಸಾವು ಅಂದರು ಊರವರು. ಅವರಿಗೇನು, ಅಂದುಬಿಡುತ್ತಾರೆ. ಆ ಗಾಡಿಯ ಮೇಲೆ ಅವರಿಗೆ ಇನ್ನೂ ಹತ್ತು ವರ್ಷದ ಕೆಲಸವಿತ್ತು.

ತಿಥಿಯವರೆಗೂ ಗಾಡಿ ಅಲ್ಲಾಡಲಿಲ್ಲ. ಹೆಂಗಸರು ಲಕ್ಕಮ್ಮನ ಹಿಂದೆ ಟ್ರ್ಯಾಕ್ಟರಿನಲ್ಲಿ ಹೋದರು. ನಾನು ಮನೆಯಲ್ಲಿ ಕೂತೆ.

ತಿಥಿ ಊಟ ಮುಗಿದ ಮೇಲೆ ಮಂಜುಳಾ, "ದೊಡ್ಡವ್ವ, ಆ ಮೆಟ್ಲು ತೆಗ್ಸಿ ಕಬ್ಬಿಣದ್ದು ಹಾಕುಸ್ತೀನಿ, ತಗ್ಗಾಗಿ" ಅಂದಳು.

"ಮುಟ್ಬೇಡ. ನಾಳೆ ಗಾಡಿ ತಗಂಡು ಬಾ" ಅಂದೆ.

ಮಾರನೇ ಬೆಳಗ್ಗೆ ಕಂದಿಕೆರೆ ಕಡೆಯ ತೋಟಕ್ಕೆ ಹೊರಡಬೇಕಿತ್ತು. ಗಾಡಿ ಸದ್ದಿಲ್ಲದೆ ಬಂದು ನಿಂತಿತು. ಲಕ್ಕಮ್ಮ ನನಗೆ ದಾರಿ ಬಿಟ್ಟಳು. "ನೀನು ಹತ್ತೇ ಮೊದ್ಲು" ಅಂದೆ. ಅವಳು ಹತ್ತಿದಳು, ಹಿಂದೆಯೇ ಉಳಿದವರು. ಎಲ್ಲರೂ ಮೈ ಇರುವ ಹೆಂಗಸರೇ. ಒಬ್ಬೊಬ್ಬರು ಕೂತ ಹಾಗೆಲ್ಲ ಗಾಡಿ ತಗ್ಗಿತು. ಕೊನೆಗೆ ಕಾಲೆತ್ತಿದೆ. ನೋವು ಶುರುವಾಗಲು ಒಂದು ಬೆರಳು ಇರುವಾಗಲೇ ಮೆಟ್ಟಿಲು ಸಿಕ್ಕಿತು.