ಮುಳ್ಳಕ್ಕನ ಹೆಬ್ಬೆರಳು

ಹಳೆಯ ಕಲ್ಲುಗಣಿಯ ಇಳಿಜಾರಿನಲ್ಲಿ ಇನ್ನೂ ಪೂರಾ ಬೆಳಕಾಗಿಲ್ಲ. ಎಲೆ ಉದುರಿಸಿ ನಿಂತ ಮುಳ್ಳುಪೊದೆಗಳಲ್ಲಿ ಕೆಂಪು ಹಣ್ಣುಗಳಷ್ಟೇ ಉಳಿದಿವೆ. ಮುಳ್ಳಕ್ಕ ಕೊಕ್ಕೆಕೋಲಿನಿಂದ ಕೊಂಬೆ ಬಗ್ಗಿಸುತ್ತಾಳೆ, ಹಣ್ಣಿನ ತಳವನ್ನು ಹೆಬ್ಬೆರಳಿನಿಂದ ಸವರುತ್ತಾಳೆ, ಕೊಂಬೆಯನ್ನು ಬಿಟ್ಟುಬಿಡುತ್ತಾಳೆ.

"ಇದು ಬೇಡ."

"ಎಷ್ಟು ಕೆಂಪಗಿದೆ ಅಕ್ಕ! ಇರಿ, ನೋಡ್ತೀನಿ." ಹಿಂದೆ ನಿಂತ ವಾರಗಿತ್ತಿ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. "ಸಿಹಿಯಾಗೇ ಇದೆಯಲ್ಲ!"

"ನುಂಗಬೇಡ. ಹತ್ತು ಎಣಿಸು."

ವಾರಗಿತ್ತಿ ಬೆರಳು ಮಡಿಚುತ್ತಾ ಹೋಗುತ್ತಾಳೆ. ಏಳಕ್ಕೆ ಮುಖ ಹಿಂಡಿದ ಬಟ್ಟೆಯಂತಾಗುತ್ತದೆ. ಥೂ ಎಂದು ಉಗಿಯುತ್ತಾಳೆ.

"ಏಳರವರೆಗೂ ತಡಕೊಂಡ್ಯಲ್ಲ, ಪರವಾಗಿಲ್ಲ. ಹೋದ ವಾರ ನೀನು ಐದಕ್ಕೇ ನೀರು ಹುಡುಕ್ಕೊಂಡು ಓಡಿದ್ದೆ."

ಅರವತ್ತೊಂದು ದಾಟಿದ ಮುಳ್ಳಕ್ಕನಿಗೆ ಇದು ಹಣ್ಣು ಕೀಳುವ ಮೂವತ್ತನಾಲ್ಕನೆಯ ಚಳಿಗಾಲ. ಕೆಲಸ ಕಲಿಸಿದವಳು ಅತ್ತೆ, ಹೆಸರು ಕೊಟ್ಟದ್ದು ಕೈತುಂಬ ಇರುವ ಗೀರುಗಳು. ಇಳಿಜಾರಿನ ಇನ್ನೂರು ಪೊದೆಗಳೂ ಅವಳಿಗೆ ನೆರೆಮನೆಯವರಷ್ಟೇ ಪರಿಚಯ. ಬಿಸಿಲೇರುವ ಹೊತ್ತಿಗೆ ಎರಡು ಬುಟ್ಟಿ, ಎಂಟು ಕಿಲೋ ಹಣ್ಣು. ತೊಡಕೆಂದರೆ, ಅದೇ ಪೊದೆಗಳ ನಡುವೆ ಅದೇ ಬಣ್ಣದ ಇನ್ನೊಂದು ಹಣ್ಣೂ ಬಿಡುತ್ತದೆ. ಮುಳ್ಳಕ್ಕ ಅದನ್ನು ಕಳ್ಳಹಣ್ಣು ಅನ್ನುತ್ತಾಳೆ. ತಿಂದವರು ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಬೇಕು.

ಮೊದಲೆಲ್ಲ ಪ್ರತಿ ಪೊದೆಯ ಒಂದು ಹಣ್ಣನ್ನು ನಾಲಿಗೆಗೆ ಸೋಕಿಸಿದರೆ ಸಾಕಿತ್ತು. ಮಾರುಕಟ್ಟೆ ನಂಬಿದ್ದು ಆ ನಾಲಿಗೆಯನ್ನು. ಕಳೆದ ಚಳಿಗಾಲದ ಜ್ವರ ರುಚಿಯನ್ನೇ ಒಯ್ದುಬಿಟ್ಟಿತು. ಉಪ್ಪೂ ಸಕ್ಕರೆಯೂ ಈಗ ಒಂದೇ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳೇ ಗಿರಾಕಿಗಳನ್ನು ಕರೆದು ಹೇಳಿದಳು.

"ಮುಚ್ಚಿಟ್ಟು ಮಾರಿ, ನಾಳೆ ಯಾರದೋ ಮಗು ಹೊಟ್ಟೆನೋವು ಅಂತ ಒದ್ದಾಡಿದ್ರೆ? ಯಾವ ಮುಖ ಇಟ್ಕೊಂಡು ಮಾರ್ಕೆಟ್ಟಲ್ಲಿ ಕೂರ್ಲಿ?"

ಗಿರಾಕಿಗಳು ಒಬ್ಬೊಬ್ಬರಾಗಿ ಸರಿದರು. ದಿನಾ ಒಂದು ಬುಟ್ಟಿ ಜಾಮಿಗೆ ಕೊಳ್ಳುತ್ತಿದ್ದ ಬೇಕರಿ ಯಜಮಾನನೂ ಬೇಡವೆಂದ. ಆ ಚಳಿಗಾಲ ಪೂರ್ತಿ ಮುಳ್ಳಕ್ಕ ಅಡುಗೆಮನೆಯಲ್ಲಿ ಎರಡೂ ಹಣ್ಣುಗಳ ರಾಶಿ ಇಟ್ಟುಕೊಂಡು, ಕಣ್ಣು ಮುಚ್ಚಿ ಸವರುತ್ತಾ ಕುಳಿತಳು. ಒಳ್ಳೆಯದರ ತಳದಲ್ಲಿ ಒಣಗಿದ ಹೂವಿನ ಐದು ಮೊನೆ ಚುಚ್ಚುತ್ತವೆ. ಕಳ್ಳಹಣ್ಣಿನ ತಳ ನುಣುಪು. ಕೂದಲೆಳೆಯಷ್ಟು ವ್ಯತ್ಯಾಸ.

"ಬೆರಳು ನಂಬಿ ಜಾಮ್ ಮಾಡೋಕಾಗತ್ತಾ ಅಕ್ಕ? ತೋರ್ಸಿ, ಆಮೇಲೆ ನೋಡೋಣ" ಎಂದಿದ್ದಾನೆ ಬೇಕರಿಯವನು. ತೋರಿಸುವ ದಿನ ಇವತ್ತು. ಇಲ್ಲಿ ಸೋತರೆ ಬುಟ್ಟಿಗಳು ಅಟ್ಟ ಸೇರುತ್ತವೆ.

ಬೇಕರಿಯ ಹಿಂಬದಿಯ ಮೇಜಿನ ಮೇಲೆ ಅವನು ಅವಳದೇ ಒಂದು ಬುಟ್ಟಿಯನ್ನು ತಟ್ಟೆಗೆ ಸುರಿದು, ತಾನು ತರಿಸಿಟ್ಟ ಹತ್ತು ಕಳ್ಳಹಣ್ಣು ಬೆರೆಸುತ್ತಾನೆ. ಮುಳ್ಳಕ್ಕ ಕಣ್ಣು ಮುಚ್ಚುತ್ತಾಳೆ. ಒಂದೊಂದೇ ಹಣ್ಣಿನ ತಳ ಸವರುತ್ತಾ, ನುಣುಪಾಗಿರುವುದನ್ನು ಪಕ್ಕಕ್ಕಿಡುತ್ತಾಳೆ. ಕೊನೆಗೆ ಪಕ್ಕಕ್ಕಿಟ್ಟ ಹಣ್ಣುಗಳನ್ನು ಎಣಿಸಿದರೆ ಹನ್ನೊಂದು.

"ನಾನು ಹಾಕಿದ್ದು ಹತ್ತೇ ಅಕ್ಕ. ಒಳ್ಳೇದೊಂದನ್ನ ಎಸೆದುಬಿಟ್ರಿ."

"ಕೊಯ್ದು ನೋಡಪ್ಪ. ಒಳ್ಳೇದರ ಒಳಗೆ ಹಳದಿ, ಕಳ್ಳಂದು ಬಿಳಿ."

ಅವನು ಒಂದೊಂದನ್ನೇ ಕೊಯ್ಯುತ್ತಾನೆ. ಹನ್ನೊಂದೂ ಬಿಳಿ.

ಜೊತೆಗೆ ಬಂದ ವಾರಗಿತ್ತಿಯ ಮುಖ ಸಪ್ಪಗಾಗುತ್ತದೆ. ಮುಳ್ಳಕ್ಕ ಮಾತ್ರ ತಡವರಿಸುವುದಿಲ್ಲ. "ಅದು ನನ್ನ ಬುಟ್ಟೀಲೇ ಬಂದಿದ್ದು. ಬೆಳಗ್ಗೆ ಅವಸರದಲ್ಲಿ ಕಿತ್ತಿದ್ದೀನಿ" ಎಂದು ಎರಡನೆಯ ಬುಟ್ಟಿಯನ್ನೂ ತಾನೇ ಸುರಿದುಕೊಂಡು ಮೊದಲಿನಿಂದ ಸವರಲು ಕೂರುತ್ತಾಳೆ. ಮುಕ್ಕಾಲು ಗಂಟೆ. ಆ ಬುಟ್ಟಿಯಲ್ಲಿ ಒಂದೂ ಕಳ್ಳಹಣ್ಣಿಲ್ಲ.

ಬೇಕರಿಯವನು ಚಾಕು ಒರೆಸಿಡುತ್ತಾನೆ. "ನಾಳೆಯಿಂದ ಎರಡೂ ಬುಟ್ಟಿ ಇಲ್ಲಿಗೇ ಇಳಿಸಿ."

ಬೀದಿಗಿಳಿದ ಮೇಲೆ ವಾರಗಿತ್ತಿ ತಡೆಯಲಾರದೆ ಕೇಳುತ್ತಾಳೆ: "ಹತ್ತಲ್ಲ, ನೀನೇ ಹನ್ನೊಂದು ಹಾಕಿದ್ದೀಯ ಅಂತ ಅವನಿಗೇ ಹೇಳಿದ್ರೆ ಆಗ್ತಿತ್ತಲ್ಲ ಅಕ್ಕ? ಯಾಕೆ ಒಪ್ಕೊಂಡ್ರಿ?"

ಮುಳ್ಳಕ್ಕ ಸವರಿ ಸವರಿ ಉರಿಯುವ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ಊದಿಕೊಳ್ಳುತ್ತಾಳೆ.

"ನನ್ನ ತಪ್ಪನ್ನ ಹಿಡಿದದ್ದೂ ಇದೇ ಬೆರಳು ಕಣೇ. ಅದರ ಗೆಲುವನ್ನ ಯಾಕೆ ಬಿಟ್ಟುಕೊಡ್ಲಿ?"