ಅಡ್ವೊಕೇಟ್ ಜನರಲರ ಬ್ಯಾಂಡಿನಲ್ಲಿದ್ದ ಹಕ್ಕಿ

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಂಬಿದವನು ನಾನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕೊನೆಗೆ ಕುವೈತಿನ ಶುವೈಖ್‌ನಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪೆನಿಯ ಗೋದಾಮು ನೋಡಿಕೊಳ್ಳುವವನಾದರೂ ಆ ಬುದ್ಧಿ ಬಿಟ್ಟಿರಲಿಲ್ಲ. ಗೋದಾಮಿನ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ ಎಂದು ಡ್ರೈವರುಗಳು ಹೆದರಿಕೊಂಡಾಗ, ಏಣಿ ಹತ್ತಿ ಎ.ಸಿ.ಯ ಸಡಿಲವಾಗಿದ್ದ ತಗಡನ್ನು ಬಿಗಿಮಾಡಿ, "ಖಲಾಸ್, ನಿಮ್ಮ ದೆವ್ವಕ್ಕೆ ಕೆಮ್ಮು ವಾಸಿಯಾಯಿತು" ಎಂದು ಇಳಿದು ಬಂದವನು ನಾನೇ.

ನನ್ನ ನೆನಪನ್ನೂ ನಾನು ನಂಬುವುದಿಲ್ಲ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬೀಗ ಜಗ್ಗಿ ನೋಡುವ ಜಾತಿ. ಆದ್ದರಿಂದ ಮುಂದೆ ಹೇಳುವುದರಲ್ಲಿ ನೆನಪು ಎಷ್ಟು, ದಾಖಲೆ ಎಷ್ಟು ಎಂದು ಬೇರೆಬೇರೆಯಾಗಿಯೇ ಹೇಳುತ್ತೇನೆ. ಇಂಥ ಕಥೆಗಳು ಸರಿರಾತ್ರಿಯಲ್ಲಿ ನಡೆಯಬೇಕೆಂದು ಓದುಗರು ಬಯಸುತ್ತಾರೆ. ಕ್ಷಮಿಸಿ, ನನ್ನದು ನಡೆದದ್ದು ಕೆಲವು ವರ್ಷಗಳ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಖೈತಾನಿನ ಶಾಲೆಯೊಂದರ ಸಭಾಂಗಣದಲ್ಲಿ. ಪಕ್ಕದ ಕೋಣೆಯಿಂದ ಕೋಳಿಸಾರು ಹಾಕಿದ ಕೋರಿ ರೊಟ್ಟಿಯ ಪರಿಮಳ ಬರುತ್ತಿತ್ತು.

ನಮ್ಮ ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿರುವ ಶೈಲಾಳ ತಂದೆ ಒಂದು ಕಾಲದಲ್ಲಿ ನಮ್ಮ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದವರು. ಅಂದರೆ ಸರ್ಕಾರದ ಪರವಾಗಿ ಹೈಕೋರ್ಟಿನಲ್ಲಿ ನಿಲ್ಲುವ ಅತಿ ದೊಡ್ಡ ವಕೀಲರು. ಅವರ ಹೆಂಡತಿ ಸುಶೀಲಕ್ಕ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಗಳು ವಿಸಿಟ್ ವೀಸಾದಲ್ಲಿ ಅವರನ್ನು ಕುವೈತಿಗೆ ಕರೆಸಿಕೊಂಡಿದ್ದಳು. ಕೋರ್ಟಿನಲ್ಲಿ ಮೈಕಿಲ್ಲದೆ ಕೊನೆಯ ಬೆಂಚಿಗೆ ಕೇಳುವಂತೆ ವಾದಿಸುತ್ತಿದ್ದ ಮನುಷ್ಯ, "ಹೂಂ" ಮತ್ತು "ಬೇಡ" ಎಂಬ ಎರಡೇ ಶಬ್ದಗಳಲ್ಲಿ ದಿನ ಮುಗಿಸುತ್ತಿದ್ದರು.

ಊರಿನ ಹಿರಿಯರು ಬಂದರೆಂದರೆ ಇಲ್ಲಿನ ನಮ್ಮ ಕನ್ನಡಿಗರ ಸಂಘದವರು ಸುಮ್ಮನೆ ಬಿಡುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಅದಕ್ಕೆ ಮೊದಲು ಯಾರಾದರೂ ನಿಂತು ಅವರ ಜೀವನದ ಪರಿಚಯ ಓದಬೇಕು. ಡಿಗ್ರಿ ಇದ್ದವನು ಎಂಬ ಒಂದೇ ಅಪರಾಧಕ್ಕೆ ಆ ಕೆಲಸ ನನಗೆ ಬಂತು. ವಿವರ ಕೇಳಲು ಹೋದಾಗ ಶೈಲಾ ಹೇಳಿದಳು:

"ಅಣ್ಣಾ, ಈ ಶುಕ್ರವಾರ ಸನ್ಮಾನ, ಮುಂದಿನ ಶುಕ್ರವಾರ ಅಪ್ಪನ ಫ್ಲೈಟ್ ಉಂಟು. ಅಷ್ಟರೊಳಗೆ ಅವರ ಬಾಯಿಂದ ಒಂದು ಇಡೀ ವಾಕ್ಯ ಕೇಳಬೇಕು ನನಗೆ. ಸನ್ಮಾನ ಎಲ್ಲ ಒಂದು ನೆಪ, ಅಷ್ಟೆ."

"ನಾನು ಅದಕ್ಕೆ ಎಂತ ಮಾಡಲಿ?"

"ತಪ್ಪು ಹೇಳಿ. ಯಾರಾದರೂ ತಪ್ಪು ಹೇಳಿದರೆ ಅಪ್ಪ ಸುಮ್ಮನೆ ಕೂರುವ ಜನ ಅಲ್ಲ."

ಉಪಾಯ ನನಗೆ ಹಿಡಿಸಿತು. ಶೈಲಾ ಹೇಳಿದ ವಿವರಗಳನ್ನು ಒಂದು ದಪ್ಪ ಕಾರ್ಡಿನಲ್ಲಿ ಬರೆದುಕೊಂಡೆ. ನಡುವೆ ಬೇಕೆಂದೇ ಎರಡು ತಪ್ಪು ಸೇರಿಸಿ, ಮರೆಯಬಾರದೆಂದು ಅವುಗಳ ಕೆಳಗೆ ಗೆರೆ ಎಳೆದೆ. ಆ ಕಾರ್ಡು ಇನ್ನೂ ನನ್ನ ಬಳಿ ಇದೆ. ಇದು ನನ್ನ ಮೊದಲ ದಾಖಲೆ.

ಶುಕ್ರವಾರ ಅವರು ವೇದಿಕೆಯ ಮೇಲೆ, ಯಾರದೋ ಸನ್ಮಾನಕ್ಕೆ ಬಂದವರ ಹಾಗೆ, ತಮ್ಮ ಚಪ್ಪಲಿಯನ್ನೇ ನೋಡುತ್ತಾ ಕುಳಿತಿದ್ದರು. ನಾನು ಶುರುಮಾಡಿದೆ. ತಂದೆಯ ಸಣ್ಣ ಹೋಟೆಲಿನಲ್ಲಿ ಚಾ ಲೋಟ ತೊಳೆಯುತ್ತಲೇ ಓದಿದ್ದು, ಮಂಗಳೂರಿನ ಕೋರ್ಟಿನಲ್ಲಿ ಕರಿಕೋಟು ಹಾಕಿದ್ದು, ಆಮೇಲೆ ಬೆಂಗಳೂರಿಗೆ ಹೋದದ್ದು. "ಕಾನೂನು ಪದವಿಯಲ್ಲಿ ಚಿನ್ನದ ಪದಕ ಪಡೆದ ಇವರು" ಎಂದೆ. ಅದು ಮೊದಲ ತಪ್ಪು. ಅವರು ಅಲುಗಲಿಲ್ಲ. "ಹತ್ತು ವರ್ಷ ಅಡ್ವೊಕೇಟ್ ಜನರಲ್ ಆಗಿ" ಎಂದೆ. ಎರಡನೆಯ ತಪ್ಪು. ಅದಕ್ಕೂ ಅಲುಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಶೈಲಾಳ ಮುಖ ಇಳಿಯಿತು.

ಉಳಿದದ್ದು ಒಂದೇ ಪ್ರಸಂಗ. ಅವರು ಅಡ್ವೊಕೇಟ್ ಜನರಲ್ ಆದ ಮೊದಲ ದಿನ ಬಂದದ್ದು ಒಬ್ಬ ನಿವೃತ್ತ ಶಿಕ್ಷಕಿಯ ಪಿಂಚಣಿಯ ಕೇಸು. ಆಕೆಯ ಅರ್ಜಿಯನ್ನು ವಿರೋಧಿಸಬೇಕೆಂದು ಇಲಾಖೆಯ ಸೂಚನೆಯಿತ್ತು. ಇವರು ಕಡತವನ್ನು ಪೂರ್ತಿ ಓದಿ, ಎದ್ದು ನಿಂತು, ತಪ್ಪು ಸರ್ಕಾರದ್ದೇ ಎಂದು ನ್ಯಾಯಮೂರ್ತಿಗಳಿಗೆ ಹೇಳಿಬಿಟ್ಟರು. ಸಂಜೆ ಮಂತ್ರಿಗಳು ಫೋನಿನಲ್ಲಿ ಕೂಗಾಡಿದಾಗ, "ನಾನು ಸರ್ಕಾರದ ವಕೀಲ, ಸರ್ಕಾರದ ತಪ್ಪಿನ ವಕೀಲ ಅಲ್ಲ. ರಾಜೀನಾಮೆ ಬೇಕಾದರೆ ಈಗಲೇ ಬರೆಯುತ್ತೇನೆ" ಎಂದರಂತೆ. ಸಭೆ ಚಪ್ಪಾಳೆ ತಟ್ಟಿತು. ಅವರು ಚಪ್ಪಲಿಯನ್ನೇ ನೋಡುತ್ತಿದ್ದರು.

ಇಲ್ಲಿಂದ ನನ್ನ ನೆನಪು ಒಂದು ದಾರಿ, ದಾಖಲೆ ಇನ್ನೊಂದು ದಾರಿ. ಕಾರ್ಡನ್ನು ತಿರುಗಿಸಿ ಅದರ ಹಿಂಬದಿಯಲ್ಲಿ ಬರೆದಿದ್ದ ಕೊನೆಯ ನಾಲ್ಕು ಸಾಲು ಓದಿದೆ ಎಂದು ನನ್ನ ನೆನಪು. ನನ್ನದೇ ಅಕ್ಷರ, ನೀಲಿ ಶಾಯಿ, ಬಲಕ್ಕೆ ಸ್ವಲ್ಪ ಇಳಿದ ಸಾಲುಗಳು, ಎಲ್ಲವೂ ಇವತ್ತಿಗೂ ಕಣ್ಣಿಗೆ ಕಟ್ಟುತ್ತವೆ. ಸಂಘದವರು ತೆಗೆದ ವಿಡಿಯೋದಲ್ಲಿ ನಾನು ಹೇಳಿದ್ದು ಹೀಗಿದೆ:

"ಆ ಮೊದಲ ದಿನ ಬೆಳಿಗ್ಗೆ ಇವರ ಬ್ಯಾಂಡಿನ ಮೇಲೆ ಸಾರು ಚೆಲ್ಲಿತು. ಬ್ಯಾಂಡು ಅಂದರೆ ವಕೀಲರ ಕೊರಳಿನಿಂದ ಇಳಿಬಿದ್ದಿರುತ್ತದಲ್ಲ, ಆ ಜೋಡಿ ಬಿಳಿ ಪಟ್ಟಿ. ಸುಶೀಲಕ್ಕ ತಾವು ಕಸೂತಿ ಹಾಕುತ್ತಿದ್ದ ಬಿಳಿ ಬಟ್ಟೆಯನ್ನೇ ಕತ್ತರಿಸಿ ಹೊಸ ಬ್ಯಾಂಡು ಹೊಲಿದುಕೊಟ್ಟರು. ನಮ್ಮ ಅಡ್ವೊಕೇಟ್ ಜನರಲ್ ಅಂದು ಸರ್ಕಾರದ ತಪ್ಪು ಒಪ್ಪಿಕೊಂಡದ್ದು, ಬ್ಯಾಂಡಿನ ಮಡಿಕೆಯೊಳಗೆ ಒಂದು ಹಸಿರು ಗಿಳಿಯನ್ನು ಅಡಗಿಸಿಕೊಂಡು. ಗಿಳಿಯ ಕೊರಳಿಗೆ ಕೆಂಪು ದಾರ."

"ತಪ್ಪು!"

ಸಭಾಂಗಣವೇ ಬೆಚ್ಚಿತು. ಅವರು ಎದ್ದು ನಿಂತಿದ್ದರು.

"ಗಿಳಿ ಅಲ್ಲ! ಕೋಳಿ! ನಾನು ಆ ದಿನವೇ ಹೇಳಿದ್ದೇನೆ ಅದು ಕೋಳಿ ಅಂತ!"

ಆಮೇಲೆ ಎದ್ದ ನಗೆಗೆ ಊಟದ ಕೋಣೆಯವರೂ ಸೌಟು ಹಿಡಿದು ಬಾಗಿಲಿಗೆ ಬಂದರು. ಶೈಲಾಳ ಪುಟ್ಟ ಮಗಳು ಕುರ್ಚಿಯ ಮೇಲೆ ನಿಂತು, "ಅಮ್ಮಾ, ಅಜ್ಜ ಈಸ್ ಶೌಟಿಂಗ್!" ಎಂದು ಚಪ್ಪಾಳೆ ತಟ್ಟಿದಳು. ಶೈಲಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ವಿಡಿಯೋ ನೋಡಿದರೂ ತಿಳಿಯುವುದಿಲ್ಲ.

ಆಮೇಲೆ ಅವರು ಕುಳಿತುಕೊಳ್ಳಲೇ ಇಲ್ಲ. ಮೈಕು ಕೊಡಲು ಹೋದವರನ್ನು ಕೈಸನ್ನೆಯಲ್ಲೇ ಹಿಂದೆ ಕಳಿಸಿದರು. "ಈ ಜನ ಇನ್ನೂ ಎರಡು ತಪ್ಪು ಹೇಳಿದ್ದಾರೆ. ನಾನು ಕೇಳಿಸಿಕೊಂಡಿಲ್ಲ ಅಂತ ಗ್ರಹಿಸಬೇಡಿ. ಚಿನ್ನದ ಪದಕ ಎಂತದೂ ಇಲ್ಲ ಮಾರಾಯ್ರೆ, ನಾನು ಒಂದು ಪೇಪರಿನಲ್ಲಿ ಫೇಲಾದವ. ಹತ್ತು ವರ್ಷವೂ ಅಲ್ಲ, ಮೂರು ವರ್ಷ ಚಿಲ್ಲರೆ. ಸರ್ಕಾರ ಬಿತ್ತು, ನಾನು ಕೊಡೆ ಹಿಡಿದುಕೊಂಡು ಮನೆಗೆ ಬಂದೆ. ಸುಶೀಲ ಕೇಳಿದಳು, ಇನ್ನು ಮೇಲಾದರೂ ಮನೆಯ ಕೇಸು ನೋಡಿಕೊಳ್ಳುತ್ತೀರಾ ಅಂತ." ಹೋಟೆಲು, ಗುಮಾಸ್ತ, ಮಂತ್ರಿ, ಹೆಂಡತಿ ಎಲ್ಲರೂ ಅವರ ಮಾತಿನಲ್ಲಿ ಒಬ್ಬರ ಹಿಂದೊಬ್ಬರು ಬಂದರು. ರೊಟ್ಟಿಯ ಸಾರು ಆರಿತು. ಶಾಲು ಹೊದಿಸಲು ಕಾದಿದ್ದ ಅಧ್ಯಕ್ಷರು ಕೊನೆಗೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ತಾವೂ ನಗುತ್ತಾ ಕುಳಿತರು.

ಊಟದ ಹೊತ್ತಿಗೆ ಶೈಲಾಳ ತಂದೆ ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣಿನಲ್ಲಿ ಹಳೆಯ ವಕೀಲ ಬಂದು ಕೂತಿದ್ದ.

"ಬ್ಯಾಂಡಿನ ವಿಷಯ ನಿಮಗೆ ಯಾರು ಹೇಳಿದ್ದು?"

"ಶೈಲಾ ಹೇಳಿರಬೇಕು, ಸರ್."

"ನನಗೇ ಗೊತ್ತಿರಲಿಲ್ಲ ಅಣ್ಣಾ," ಎಂದಳು ಶೈಲಾ. "ಆ ಹಕ್ಕಿಯ ಸುದ್ದಿ ನಾನು ಕೇಳಿದ್ದು ಇವತ್ತೇ."

"ಹೈಕೋರ್ಟಿಗೆ ಕೋಳಿ ಕಟ್ಟಿಕೊಂಡು ಹೋದೆ ಅಂತ ಮಕ್ಕಳ ಹತ್ತಿರ ಹೇಳುವುದುಂಟಾ?" ಎಂದರು ಅವರು. "ಅದು ನನ್ನ, ಸುಶೀಲಳ ನಡುವಿನ ಜಗಳ. ಕೋಣೆಯ ಬಾಗಿಲು ದಾಟಿಲ್ಲ."

"ಹಾಗಾದರೆ ನೀವೇ ಯಾವಾಗಲೋ ಯಾರ ಹತ್ತಿರವೋ ಹೇಳಿದ್ದು, ಅದು ತಿರುಗಿ ತಿರುಗಿ ನನ್ನ ಕಿವಿಗೆ..."

"ನಾನು ಹೇಳಿದ್ದಾದರೆ ಕೋಳಿ ಅಂತ ಹೇಳಿರುತ್ತಿದ್ದೆ. ಅದನ್ನು ಗಿಳಿ ಅನ್ನುವ ಸಾಕ್ಷಿ ಇಡೀ ಲೋಕದಲ್ಲಿ ಒಬ್ಬಳೇ ಇದ್ದದ್ದು."

ನಾನು ಜೇಬಿನಿಂದ ಕಾರ್ಡು ತೆಗೆದೆ. ನೋಡಿ ಸರ್, ಇಲ್ಲಿ ಬರೆದುಕೊಂಡಿದ್ದೇನೆ ಎಂದು ತಿರುಗಿಸಿದೆ. ಹಿಂಬದಿ ಖಾಲಿಯಿತ್ತು. ಒಂದು ಚುಕ್ಕೆ ಕೂಡ ಇರಲಿಲ್ಲ. ನಾನು ಹೆದರಿ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಅವರಿಗೆ ಮಾತ್ರ ಯಾವ ಭಯವೂ ಆಗಲಿಲ್ಲ. ಆ ಖಾಲಿ ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಹಬ್ಬದ ಬಟ್ಟೆ ಸಿಕ್ಕಿದ ಮಗುವಿನ ಹಾಗೆ ನಕ್ಕರು.

"ಜೋಪಾನ ಮಾಡಿ ಇಡಿ, ಇದು ಎಕ್ಸಿಬಿಟ್ ಒಂದು. ಆದರೆ ಕೆಂಪು ದಾರ ಅಂದಿರಲ್ಲ, ಅದು ಸುಳ್ಳು. ಕೆಂಪು ಎಲ್ಲಿಯೂ ಇಲ್ಲ. ಅದಕ್ಕೆ ಕೊರಳೇ ಇಲ್ಲ. ಕೊರಳಿನ ಭಾಗ ಹೊಲಿಗೆಯ ಒಳಗೆ ಹೋಗಿದೆ. ಬಿಚ್ಚಿ ನೋಡಿ, ಬಿಚ್ಚಿ ನೋಡಿ ಅಂತ ಅವಳು ಎಷ್ಟೋ ಸಲ ಹೇಳಿದಳು. ಮೊದಲ ದಿನದ ಬ್ಯಾಂಡು, ಬಿಚ್ಚಲಿಕ್ಕೆ ನಾನು ಬಿಡಲಿಲ್ಲ."

ಮುಂದಿನ ಶುಕ್ರವಾರ ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣದವರೆಗೂ ಮಾತು ನಿಲ್ಲಿಸಲಿಲ್ಲವೆಂದು ಶೈಲಾ ದೂರಿದಳು. ಅಷ್ಟು ಸಂತೋಷದ ದೂರನ್ನು ನಾನು ಕೇಳಿಲ್ಲ.

ಕೆಲವು ದಿನ ಕಳೆದು, ಗೋದಾಮಿನಲ್ಲಿ ಬ್ರೇಕ್ ಪ್ಯಾಡಿನ ಪೆಟ್ಟಿಗೆ ಎಣಿಸುತ್ತಿದ್ದಾಗ ಅವರ ವಿಡಿಯೋ ಕರೆ ಬಂತು. ಮಂಗಳೂರಿನ ತಮ್ಮ ಮನೆಯಲ್ಲಿ, ಕಿಟಕಿಯ ಬೆಳಕಿಗೆ ಕೂತಿದ್ದರು. ಒಂದು ಕೈಯಲ್ಲಿ ಬ್ಲೇಡು, ಇನ್ನೊಂದರಲ್ಲಿ ಹಳದಿಗಟ್ಟಿದ ಬಟ್ಟೆಯ ಚೂರು.

"ಸೋತೆ ಮಾರಾಯ್ರೆ!" ಎಂದು ಕೂಗಿದರು. "ಸಂಪೂರ್ಣ ಸೋತೆ! ನೋಡಿ!"

ಬಿಚ್ಚಿದ ಹೊಲಿಗೆಯ ಒಳಗೆ, ಗಾಳಿ ಬೆಳಕು ತಾಗದೆ ಉಳಿದ ಜಾಗದಲ್ಲಿ, ಮಾಸಿದ ಹಸಿರಿನ ಪಕ್ಕ ಹೊಚ್ಚ ಹೊಸದರಂತೆ ಕೆಂಪು ದಾರದ ಒಂದು ಸಣ್ಣ ಸುತ್ತು. ಸಂಶಯವೇ ಇಲ್ಲ, ಗಿಳಿ. ಒಂದು ಕೇಸು ಸೋತು ಅಷ್ಟು ಖುಷಿಪಟ್ಟ ವಕೀಲರನ್ನು ನಾನು ಕಂಡಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನಕ್ಕರು.

ನಾನು ಯೋಚಿಸದೆ ಬಿಟ್ಟಿಲ್ಲ. ಕಸೂತಿ ಹಾಕುವವರು ಗಿಳಿ ಹಾಕುವುದು ಸಾಮಾನ್ಯ. ಗಿಳಿಗೆ ಕೆಂಪು ಕೊರಳು ಇರುವುದೂ ಸಾಮಾನ್ಯ. ಸಭೆಯನ್ನು ನಗಿಸಲು ಏನೋ ಕಟ್ಟಿ ಹೇಳಿದೆ, ಅದು ಅಕಸ್ಮಾತ್ತಾಗಿ ನಿಜವಾಯಿತು ಎನ್ನಬಹುದು. ಆದರೆ ಸಾರು ಚೆಲ್ಲಿದ್ದು? ಬ್ಯಾಂಡು? ಆ ಮೊದಲ ದಿನ? ವಿಡಿಯೋದಲ್ಲಿ ನಾನು ಖಾಲಿ ಹಿಂಬದಿಯ ಮೇಲೆ ಎಡದಿಂದ ಬಲಕ್ಕೆ ಕಣ್ಣು ಓಡಿಸುತ್ತೇನೆ, ಸಾಲು ಮುಗಿದಾಗ ಮುಂದಿನ ಸಾಲಿಗೆ ಇಳಿಯುತ್ತೇನೆ. ಕಟ್ಟಿ ಹೇಳುವವನು ಹಾಗೆ ಓದುವುದಿಲ್ಲ.

ಅವರು ಈಗಲೂ ಆಗಾಗ ಶುಕ್ರವಾರ ಫೋನು ಮಾಡುತ್ತಾರೆ. ಶುವೈಖಿನ ಬಿಸಿಲು, ಮೊಮ್ಮಗಳ ಶಾಲೆ ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಮತ್ತೆ ಸುಶೀಲ ಎಂತಾದರೂ ಹೇಳಿದಳಾ?" ತಮಾಷೆಗೋ ನಿಜಕ್ಕೋ ನನಗೆ ತಿಳಿಯುವುದಿಲ್ಲ.

"ಇಲ್ಲ ಸರ್, ಇನ್ನೂ ಇಲ್ಲ," ಎನ್ನುತ್ತೇನೆ.

ಫೋನಿಟ್ಟ ಮೇಲೆ ಪ್ರತಿ ಸಲವೂ ನಾಚಿಕೆಯಾಗುತ್ತದೆ. "ಇಲ್ಲ" ಎಂದಷ್ಟೇ ಹೇಳಿದರೆ ಸಾಕಲ್ಲ. ಆ "ಇನ್ನೂ" ಎಲ್ಲಿಂದ ಬರುತ್ತದೆ?